ಮೊದಲ ಹೊಲಿಗೆ ಮಿಷನ್ ಕೊಳ್ಳುವ ಮುನ್ನ

ಕೆಜಿಎಫ್‌ನಿಂದ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಓದುತ್ತಿರುವುದು ದ್ವಿತೀಯ ಪಿಯುಸಿ. ತಂದೆಗೆ ಕಾಯಂ ಕೆಲಸವಿಲ್ಲ. ತಾಯಿ ದಿನವೂ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಬೋನಸ್ಸು, ಚೀಟಿ ಎಂದು ಕೂಡಿಸಿಟ್ಟ ಹತ್ತು ಸಾವಿರ ರೂಪಾಯಿ ಮನೆಯಲ್ಲಿದೆ. ಅದರಲ್ಲಿ ಮಗಳಿಗೊಂದು ಹೊಲಿಗೆ ಮಿಷನ್ ತೆಗೆದುಕೊಡಬೇಕೆಂದು ತೀರ್ಮಾನವಾಗಿದೆ. ಯಾವ ಮಿಷನ್ ಎಂಬುದರಲ್ಲಿ ಮಾತ್ರ ಮನೆಯಲ್ಲಿ ಮೂರು ಪಕ್ಷ. ತಾಯಿಗೆ ಕಾರ್ಖಾನೆಯಲ್ಲಿರುವಂಥದ್ದೇ ಬೇಕು. ಮಗಳಿಗೆ ಮೊಬೈಲಿನಲ್ಲಿ ನೋಡಿದ, ಹೂಬಳ್ಳಿಯನ್ನೂ ಹೊಲಿಯುವ ಬಿಳಿ ಮಿಷನ್ ಬೇಕು. ತಂದೆ ಮಾತ್ರ, ಪಕ್ಕದ ಮನೆಯವರು ಮಾರಲಿಟ್ಟಿರುವ ಹಳೆಯ ಕಪ್ಪು ಕಾಲು ಮಿಷನ್ನೇ ಸಾಕು ಎನ್ನುತ್ತಾರೆ.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. "ಮಿಷನ್ ಬಂದ ಮೇಲೆ ನನ್ನನ್ನು ಕಾಲೇಜು ಬಿಡಿಸುತ್ತಾರೇನೋ ಎಂದು ಭಯ." ಆ ಸಾಲಿಗೆ ಆಮೇಲೆ ಬರೋಣ. ಮೊದಲು ಮಿಷನ್ ವಿಷಯ.

ಈ ಪತ್ರ ಒಂದೇ ಮನೆಯ ಕಥೆಯಲ್ಲ. ನೂರಿಪ್ಪತ್ತು ವರ್ಷಗಳಷ್ಟು ಕಾಲ ನಡೆದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಜ್ಜ, ಅಪ್ಪ, ಮಗ ಹೀಗೆ ತಲೆಮಾರುಗಳು ಪಾಳಿಯ ಮೇಲೆ ಗಣಿಗೆ ಇಳಿಯುತ್ತಿದ್ದ ಊರು ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ಪುಟ್ಟ ಪುಟ್ಟ ನಿಲ್ದಾಣಗಳಲ್ಲಿ ಹತ್ತಿದವರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಹೊಲಿಗೆಯ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ದಿನದಲ್ಲಿ ನಾಲ್ಕೈದು ಗಂಟೆ ಹಾದಿಯಲ್ಲೇ ಕಳೆಯುವ ತಾಯಿ, ಮಗಳಾದರೂ ಮನೆಯಲ್ಲೇ ಕುಳಿತು ನಾಲ್ಕು ಕಾಸು ಕಾಣಲಿ ಎಂದು ಆಸೆಪಟ್ಟರೆ ತಪ್ಪೇನು? ಆದರೆ ಆ ಹತ್ತು ಸಾವಿರ ಒಮ್ಮೆ ಕೈಬಿಟ್ಟರೆ ಮತ್ತೆ ಕೂಡಲು ವರ್ಷಗಳೇ ಬೇಕು. ಆದ್ದರಿಂದ ಮೂರೂ ಪಕ್ಷಗಳ ವಾದವನ್ನು ಒಂದೊಂದಾಗಿ ಕೇಳೋಣ.

ತಾಯಿಯ ಮಿಷನ್

ಕಾರ್ಖಾನೆಯ ಮಿಷನ್ ಗಟ್ಟಿ, ವೇಗ, ನೇರ ಹೊಲಿಗೆಗೆ ಅದಕ್ಕೆ ಸಾಟಿಯಿಲ್ಲ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲದು. ಕಲಿಯುವವರಿಗೆ ತೊಂದರೆಯೂ ಅಲ್ಲೇ. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಬಟ್ಟೆ ಕೈತಪ್ಪಿ ಓಡುತ್ತದೆ. ಹಳೆಯ ಕ್ಲಚ್ ಮೋಟಾರಿನದಾದರೆ ಸದ್ದು, ಅದುರುವಿಕೆ ಎರಡೂ ಹೆಚ್ಚು. ಈಚಿನ ಸರ್ವೋ ಮೋಟಾರಿನಲ್ಲಿ ವೇಗ ತಗ್ಗಿಸಬಹುದು, ವಿದ್ಯುತ್ತೂ ಕಡಿಮೆ ಸಾಕು. ಆದರೆ ಮೇಜೇ ನಾಲ್ಕಡಿ ಉದ್ದ. ಗಣಿ ಕಾರ್ಮಿಕರ ಲೈನು ಮನೆಗಳನ್ನು ಕಂಡವರು ಬಲ್ಲರು, ಅಲ್ಲಿ ಈ ಮೇಜು ಬಂದರೆ ಹಾಸಿಗೆ ಹೊರಗೆ ಹೋಗಬೇಕು. ಕರೆಂಟು ಹೋದರೆ ಕೆಲಸವೂ ನಿಂತಿತು. ಹೊಸದಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಬೇಕು.

ತಾಯಂದಿರಿಗೆ ಇನ್ನೊಂದು ಮಾತು. ಕಾರ್ಖಾನೆಯಲ್ಲಿ ಒಂದು ಅಂಗಿಯ ಕೆಲಸ ಹತ್ತಾರು ಕೈಗಳಿಗೆ ಹಂಚಿರುತ್ತದೆ. ಒಬ್ಬರು ಕಾಲರ್, ಒಬ್ಬರು ತೋಳು, ಒಬ್ಬರು ಜೇಬು. ಹತ್ತು ವರ್ಷ ಕಾಲರ್ ಕೂರಿಸಿದವರಿಗೆ ಕಾಲರಿನಲ್ಲಿ ಯಾರೂ ಸಮನಿಲ್ಲ, ಆದರೆ ಒಂದು ರವಿಕೆಯನ್ನು ಅಳತೆ ತೆಗೆದು ಕತ್ತರಿಸುವ ಸಂದರ್ಭವೇ ಅವರಿಗೆ ಬಂದಿರುವುದಿಲ್ಲ. ಮನೆಯ ಹೊಲಿಗೆಯಲ್ಲಿ ಮುಕ್ಕಾಲು ಪಾಲು ವಿದ್ಯೆ ಇರುವುದು ಅಳತೆಯಲ್ಲಿ ಮತ್ತು ಕತ್ತರಿಯಲ್ಲಿ. ವೇಗ ಕೊನೆಗೆ ಬರುತ್ತದೆ. ಕೆಲಸ ಕಲಿತು, ಗಿರಾಕಿಗಳು ಬಾಗಿಲಿಗೆ ಬಂದಮೇಲೆ ಇದು ಒಳ್ಳೆಯ ಎರಡನೆಯ ಮಿಷನ್. ಮೊದಲನೆಯದಲ್ಲ.

ಮಗಳ ಮಿಷನ್

ಬಿಳಿಯ ಜಿಗ್‌ಜಾಗ್ ಮಿಷನ್ ನೋಡಲು ಚೆನ್ನ, ಹಗುರ, ಮೇಜಿನ ಮೇಲಿಟ್ಟು ಎತ್ತಿಡಬಹುದು. ಅಂಕುಡೊಂಕು ಹೊಲಿಗೆ ಬರುವುದರಿಂದ ಅಂಚು ಬಿಚ್ಚದಂತೆ ಹೊಲಿಯಬಹುದು, ಕಾಜಾ ಮಾಡಬಹುದು, ಸೀರೆಗೆ ಪಿಕೊ ಹಾಕಬಹುದು. ಪಿಕೊ, ಫಾಲ್ ಕೆಲಸ ಕೇಳಿ ಬರುವವರು ಎಲ್ಲ ಊರಿನಲ್ಲೂ ಇರುವುದರಿಂದ ಇದು ಕಡೆಗಣಿಸುವ ಮಾತಲ್ಲ. ಬೆಲೆ ಅಂದಾಜು ಒಂಬತ್ತರಿಂದ ಹದಿನೈದು ಸಾವಿರ.

ಆದರೆ ಹತ್ತಿಪ್ಪತ್ತು ಬಗೆಯ ಹೊಲಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದರಲ್ಲಿ ನಿತ್ಯ ಬೇಕಾಗುವುದು ಎರಡೇ: ನೇರ ಮತ್ತು ಜಿಗ್‌ಜಾಗ್. ಒಳಗೆ ಪ್ಲಾಸ್ಟಿಕ್ ಹಲ್ಲುಗಾಲಿಗಳಿರುವ ಹಗುರ ಮಿಷನ್‌ನಲ್ಲಿ ದಪ್ಪ ಬಟ್ಟೆಯ ನಾಲ್ಕಾರು ಪದರಗಳನ್ನು ದಿನವಿಡೀ ಹೊಲಿದರೆ ಅದು ಬಹಳ ದಿನ ತಾಳದು. ಕೆಟ್ಟಾಗ ಬಿಚ್ಚಿ ಸರಿಮಾಡುವವರು ಊರಿನಲ್ಲಿ ಇದ್ದಾರೆಯೇ ಎಂಬುದೇ ಪ್ರಶ್ನೆ. ಮಾದರಿಗೊಂದು ಬಿಡಿಭಾಗ, ಅದು ಬರುವವರೆಗೆ ಗಿರಾಕಿಯ ಬಟ್ಟೆ ಅರ್ಧದಲ್ಲಿ.

ಒಂದೆರಡು ಸಾವಿರಕ್ಕೆ ಸಿಗುವ ಅಂಗೈಯಗಲದ ಪುಟ್ಟ ಮಿಷನ್‌ಗಳಂತೂ ಬೇಡವೇ ಬೇಡ. ನಮ್ಮ ಮನೆಗೂ ಜಾಹೀರಾತಿಗೆ ಮರುಳಾಗಿ ಒಂದನ್ನು ತಂದೆವು. ದಿಂಬಿನ ಚೀಲ ಒಂದು ಹೊಲಿದಿತು. ಎರಡನೆಯದರ ಮೂಲೆಯಲ್ಲಿ ನಾಲ್ಕು ಪದರ ಬಟ್ಟೆ ಎದುರಾದಾಗ ನರಳಿ ನಿಂತಿತು. ಆಮೇಲೆ ಮಕ್ಕಳ ಆಟಿಕೆಯಾಯಿತು. ಅದರಿಂದ ಆದ ದೊಡ್ಡ ನಷ್ಟ ಹಣದ್ದಲ್ಲ. ಹೊಲಿಯಲು ಕುಳಿತ ಹುಡುಗಿ "ನನಗೆ ಇದು ಬರುವುದಿಲ್ಲ" ಎಂದು ತೀರ್ಮಾನಿಸಿಬಿಟ್ಟಳು. ತಪ್ಪು ಮಿಷನ್ನಿನದು, ಅಪವಾದ ಅವಳ ಮೇಲೆ.

ತಂದೆಯ ಮಿಷನ್

ಕಪ್ಪು ಬಣ್ಣದ, ಎರಕದ ಕಬ್ಬಿಣದ ಕಾಲು ಮಿಷನ್ನನ್ನು ಹಳೆಯ ಕಾಲದ್ದೆಂದು ನಗಬೇಡಿ. 1930ರ ದಶಕದಲ್ಲಿ ಕಲ್ಕತ್ತದಲ್ಲಿ ಉಷಾ ಮಿಷನ್ ತಯಾರಾಗತೊಡಗಿದ ಮೇಲೆ ನಮ್ಮ ದೇಶದಲ್ಲೇ ಇವು ಹುಟ್ಟುತ್ತಿವೆ. ಈಗ ಲೂಧಿಯಾನ ಇದರ ದೊಡ್ಡ ಕೇಂದ್ರ. ಹೆಸರು ಯಾವುದೇ ಇರಲಿ, ಹೆಚ್ಚಿನವುಗಳ ಒಳಗಿನ ವಿನ್ಯಾಸ ಒಂದೇ. ಆದ್ದರಿಂದ ಬಾಬಿನ್, ಬಾಬಿನ್ ಕೇಸ್, ಶಟಲ್, ಸೂಜಿ, ಬೆಲ್ಟು ಎಲ್ಲವೂ ಸಣ್ಣ ಊರಿನ ಅಂಗಡಿಯಲ್ಲೂ ದೊರೆಯುತ್ತವೆ. ರಿಪೇರಿ ಬಲ್ಲವರು ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಸಿಗುತ್ತಾರೆ. ತಮಿಳು, ತೆಲುಗು, ಕನ್ನಡ ಮೂರರಲ್ಲಿ ಯಾವುದರಲ್ಲಿ ಕೇಳಿದರೂ ಅವರ ವಿಳಾಸ ಹೇಳುವವರಿದ್ದಾರೆ.

ಕರೆಂಟು ಬೇಡ. ಕಾಲಿನ ವೇಗವೇ ಮಿಷನ್ನಿನ ವೇಗವಾದ್ದರಿಂದ ಕಲಿಯುವವರ ಕೈಗೆ ಹಿಡಿತ ಸಿಗುತ್ತದೆ. ಮುಂದೆ ಬೇಕೆನಿಸಿದಾಗ ಇದಕ್ಕೇ ಸಣ್ಣ ಮೋಟಾರು ಜೋಡಿಸಬಹುದು. ಕೊರತೆಯೆಂದರೆ ಇದು ನೇರ ಹೊಲಿಗೆಯನ್ನು ಮಾತ್ರ ಹಾಕುತ್ತದೆ. ಪಿಕೊ ಬಾರದು. ಆದರೆ ರವಿಕೆ, ಲಂಗ, ಚೂಡಿದಾರ್, ನೈಟಿ, ಶಾಲೆಯ ಸಮವಸ್ತ್ರ ಎಲ್ಲಕ್ಕೂ ನೇರ ಹೊಲಿಗೆಯೇ ಜೀವಾಳ. ಸ್ಟ್ಯಾಂಡ್ ಸಹಿತ ಹೊಸದು ಅಂದಾಜು ಆರರಿಂದ ಒಂಬತ್ತು ಸಾವಿರ, ಹಳೆಯದು ಅದರ ಅರ್ಧಕ್ಕೂ ಸಿಗುವುದುಂಟು.

ಪತ್ರ ಬರೆದ ಹುಡುಗಿಗೆ ನನ್ನ ಉತ್ತರ ಇದೇ. ಈ ಬಾರಿ ಅಪ್ಪನ ಪಕ್ಷ ಗೆಲ್ಲಲಿ. ಆದರೆ ಪಕ್ಕದ ಮನೆಯ ಮಿಷನ್ನನ್ನು ಪರೀಕ್ಷೆ ಮಾಡದೆ ತರಬೇಡ.

ಪರೀಕ್ಷೆ ಹೇಗೆ?

ಅಂಗಡಿಗೇ ಹೋಗಿ, ಪಕ್ಕದ ಮನೆಗೇ ಹೋಗಿ, ನಿಮ್ಮದೇ ಬಟ್ಟೆ ಒಯ್ಯಿರಿ. ರವಿಕೆಯ ಹತ್ತಿ ಬಟ್ಟೆ ಒಂದು ತುಂಡು, ಜಾರುವ ಪಾಲಿಯೆಸ್ಟರ್ ಒಂದು, ಹಳೆಯ ಜೀನ್ಸ್ ಪ್ಯಾಂಟಿನದೊಂದು. ಎರಡು ಬಣ್ಣದ ದಾರವಿರಲಿ. ಮೇಲೆ ಕೆಂಪು, ಬಾಬಿನ್ನಿಗೆ ಬಿಳಿ.

ಮೊದಲು ದಾರವಿಲ್ಲದೆ ಕೈಯಲ್ಲೇ ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ಎಲ್ಲೂ ಬಿಗಿಯಾಗದೆ, ಕಟಕಟ ಎನ್ನದೆ ಸುತ್ತಬೇಕು. ಚಕ್ರವನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಸೂಜಿ ಹಿಡಿದ ದಂಡವನ್ನೂ ಅಲ್ಲಾಡಿಸಿ. ಲಡಲಡ ಎಂದರೆ ಸವೆದಿದೆ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ. ಚೂಪಾಗಿದ್ದರೆ ಸರಿ, ನುಣುಪಾಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕಬ್ಬಿಣದ ಮೈ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ನಮಸ್ಕಾರ ಹೇಳಿ ಬನ್ನಿ. ಧೂಳು, ಹಳೆಯ ಎಣ್ಣೆಯ ಜಿಡ್ಡು ದೋಷವಲ್ಲ. ಅವು ಸೀಮೆಎಣ್ಣೆಗೆ ಹೋಗುತ್ತವೆ.

ಈಗ ದಾರ ಹಾಕಿ ಎರಡು ಪದರ, ಆಮೇಲೆ ನಾಲ್ಕು ಪದರ ಹೊಲಿಯಿರಿ. ಅಡಿಯಲ್ಲಿ ಕೆಂಪು ಇಣುಕಬಾರದು, ಮೇಲೆ ಬಿಳಿ ಇಣುಕಬಾರದು. ಇಣುಕಿದ ಮಾತ್ರಕ್ಕೆ ಮಿಷನ್ ಕೆಟ್ಟಿದೆಯೆಂದಲ್ಲ, ದಾರದ ಬಿಗಿ ತಿದ್ದಿಸಿ ಮತ್ತೆ ನೋಡಿ. ತಿದ್ದಿದರೂ ಹೊಲಿಗೆ ತಪ್ಪಿದರೆ ಬೇಡ. ಹೊಲಿಗೆ ಉದ್ದ ಗಿಡ್ಡ ಮಾಡುವ ಹಿಡಿ, ಹಿಂದಕ್ಕೆ ಹೊಲಿಯುವುದು, ಬಾಬಿನ್ ಸುತ್ತುವ ಚಕ್ರ ಇವನ್ನೂ ನಿಮ್ಮ ಎದುರಿಗೇ ಆಡಿಸಿ ತೋರಿಸಲಿ. ಮಿಷನ್ ನೋಡುವ ಮೊದಲೇ ಮೆಕ್ಯಾನಿಕ್ಕನ್ನು ನೋಡಿಟ್ಟುಕೊಂಡು, ಹಳೆಯದಾದರೆ ಅವರನ್ನೇ ಜೊತೆಗೆ ಕರೆದೊಯ್ಯುವುದು ಎಲ್ಲಕ್ಕಿಂತ ಜಾಣತನ. ಅವರ ಕೂಲಿ ದಂಡವಲ್ಲ.

ಹತ್ತರಲ್ಲಿ ಏಳು

ಇದ್ದ ಹಣವನ್ನೆಲ್ಲ ಮಿಷನ್‌ಗೇ ಸುರಿಯಬೇಡಿ. ಹತ್ತು ರೂಪಾಯಿಯಲ್ಲಿ ಏಳು ಮಿಷನ್‌ಗೆ, ಮೂರು ಉಳಿದದ್ದಕ್ಕೆ. ಬಟ್ಟೆಗೆಂದೇ ಮೀಸಲಾದ ಒಳ್ಳೆಯ ಕತ್ತರಿ, ಟೇಪು, ಸೀಮೆಸುಣ್ಣ, ಎಣ್ಣೆ, 11, 14, 16, 18 ನಂಬರಿನ ಸೂಜಿಗಳು, ಇಸ್ತ್ರಿಪೆಟ್ಟಿಗೆ, ಕಲಿಯುವಾಗ ಹಾಳುಮಾಡಲು ಅಗ್ಗದ ಬಟ್ಟೆ. ಇವಿಲ್ಲದ ಮಿಷನ್ ಎಣ್ಣೆಯಿಲ್ಲದ ದೀಪ. ಮನೆಯ ಮಿಷನ್ನಿನ ಸೂಜಿಯ ಬುಡಕ್ಕೆ ಒಂದು ಬದಿ ಚಪ್ಪಟೆ, ಕಾರ್ಖಾನೆಯದು ಗುಂಡಗೆ. ತಾಯಿ ಕೆಲಸದ ಜಾಗದ ಸೂಜಿ ತಂದುಕೊಟ್ಟರೆ ಇದಕ್ಕೆ ಕೂರದು.

ಕಂತಿನ ಆಸೆಗೆ ಬೀಳುವ ಮುನ್ನ ಒಂದು ಲೆಕ್ಕ. ಹೊಲಿಗೆ ಮಿಷನ್ನನ್ನು ಕಂತಿನಲ್ಲಿ ಮಾರುವ ಉಪಾಯವನ್ನು ಸಿಂಗರ್ ಕಂಪನಿ 1850ರ ದಶಕದಲ್ಲೇ ಹೂಡಿತ್ತು. ಕಂತು ಮೊದಲ ತಿಂಗಳಿಂದ ಶುರುವಾಗುತ್ತದೆ, ಕಲಿಯುವವರ ಸಂಪಾದನೆ ಶುರುವಾಗಲು ಆರು ತಿಂಗಳಾದರೂ ಬೇಕು. ಆ ಆರು ತಿಂಗಳ ಕಂತು ಯಾರ ಸಂಬಳದಿಂದ ಎಂದು ಮೊದಲೇ ಕೇಳಿಕೊಳ್ಳಿ.

ಸರ್ಕಾರದ ನೆರವನ್ನೂ ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವಿನ ಅವಕಾಶ ಅದರಲ್ಲಿದೆ. ಆದರೆ ಅದು ಹದಿನೆಂಟು ತುಂಬಿದ, ಆಗಲೇ ಆ ಕಸುಬು ಮಾಡುತ್ತಿರುವವರಿಗೆ, ಮನೆಗೊಬ್ಬರಿಗೆ. ಉಚಿತ ಮಿಷನ್ ಕೊಡುತ್ತೇವೆ, ಮೊದಲು ಇಷ್ಟು ಹಣ ಕಟ್ಟಿ ಎಂದು ಮೊಬೈಲಿಗೆ ಬರುವ ಸಂದೇಶವನ್ನು ಮಾತ್ರ ನಂಬಬೇಡಿ. ಕಲಿಕೆಗೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಹದಿನೆಂಟು ತುಂಬಿದವರಿಗೆ ತರಬೇತಿ ಉಚಿತ.

ಮಿಷನ್ ಬಂದ ದಿನವೇ ಬಟ್ಟೆ ಹಿಡಿಯಬೇಡಿ. ಹಳೆಯ ನೋಟ್ ಪುಸ್ತಕದ ಗೆರೆ ಹಾಳೆಯನ್ನು ದಾರವಿಲ್ಲದ ಸೂಜಿಯ ಕೆಳಗಿಟ್ಟು, ಗೆರೆಯ ಮೇಲೆಯೇ ತೂತು ಬೀಳುವಂತೆ ಓಡಿಸಿ. ಒಂದು ಪುಸ್ತಕ ಮುಗಿಯುವಷ್ಟರಲ್ಲಿ ಕಾಲು ಕೈ ಒಂದಾಗುತ್ತವೆ. ಆಮೇಲೆ ಆ ಹಳೆಯ ಸೂಜಿ ಎಸೆದು ಹೊಸದು ಹಾಕಿ.

ಕೊನೆಯ ಸಾಲು

ಈಗ ಆ ಸಣ್ಣ ಅಕ್ಷರದ ಸಾಲಿಗೆ ಬರೋಣ. ಇದು ತಂದೆತಾಯಿಗಳಿಗೆ. 1924ರಲ್ಲಿ ಯಂತ್ರಗಳ ವಿಷಯ ಮಾತು ಬಂದಾಗ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟಿದ್ದರು. ಯಂತ್ರ ಮನುಷ್ಯನ ಭಾರ ಇಳಿಸಬೇಕು, ಅವನನ್ನು ಕಟ್ಟಿಹಾಕಬಾರದು ಎಂಬುದು ಅವರ ಮಾತಿನ ಸಾರ. ನಿಮ್ಮ ಮನೆಯ ಮಿಷನ್ನಿಗೂ ಅದೇ ನಿಯಮವಿರಲಿ. ಪರೀಕ್ಷೆ ಮುಗಿದ ರಜೆಯಲ್ಲಿ ಕಲಿಯಲಿ, ಕಾಲೇಜಿನ ದಿನಗಳಲ್ಲಿ ಸಂಜೆ ಒಂದು ಗಂಟೆ ಹೊಲಿಯಲಿ. ಅಳತೆ, ಲೆಕ್ಕ, ಗಿರಾಕಿಯೊಂದಿಗೆ ಮಾತು, ಬ್ಯಾಂಕಿನ ಅರ್ಜಿ ಎಲ್ಲಕ್ಕೂ ಓದೇ ಆಸರೆ. ಮಗನಿಗೆ ಆಸಕ್ತಿಯಿದ್ದರೆ ಅವನೂ ಕೂರಲಿ. ಪೇಟೆಯ ದರ್ಜಿಗಳಲ್ಲಿ ಗಂಡಸರೇನು ಕಡಿಮೆಯೇ?

ದಿನವೂ ರೈಲಿನಲ್ಲಿ ಓಡಾಡಿದ ತಾಯಿಗೆ ಹತ್ತು ಸಾವಿರದ ಬೆಲೆ ಗೊತ್ತು. ಆದ್ದರಿಂದ ಮಿಷನ್ ಮನೆಗೆ ಬಂದ ದಿನ ಮಗಳಿಗೆ ಒಂದೇ ಮಾತು ಬಾಯಿಬಿಟ್ಟು ಹೇಳಿ: "ಕಾಲೇಜು ನಿಲ್ಲುವುದಿಲ್ಲ." ಆ ಮಾತು ಕೇಳಿದ ಮೇಲೆ ಅವಳ ಹೊಲಿಗೆ ನೇರವಾಗಿ ಬರುತ್ತದೆ.