ನಿಮ್ಮ ದಿನಗಳ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ

“ಅಕ್ಕಾ, ಬರೀ ಏಳು ದಿನ ಕಡಿಮೆ ಬಿತ್ತಂತೆ. ಏಳೇ ಏಳು ದಿನ. ಅದಕ್ಕೇ ಒಂದು ಪೈಸೆನೂ ಬರಲ್ಲ ಅಂದ್ರು.”

ನಮ್ಮ ಬೀದಿಯ ಕೊನೆಯ ಮನೆಯಾಕೆ ಹೀಗೆ ಹೇಳಿದಾಗ ಏನು ಉತ್ತರ ಕೊಡಬೇಕೋ ತೋಚಲಿಲ್ಲ. ಗಂಡ ತೀರಿಕೊಂಡು ಮೂರು ವರ್ಷವಾಯಿತು. ಎರಡು ಮಕ್ಕಳು. ಒಂದು ಸಿಹಿತಿಂಡಿ ಅಂಗಡಿಯಲ್ಲಿ ಪ್ಯಾಕಿಂಗ್ ಕೆಲಸ. ದಿನಕ್ಕೆ 500 ರೂಪಾಯಿ. ಆದರೆ ದಿನಾ ಕೆಲಸ ಇರುವುದಿಲ್ಲ. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಉಸಿರಾಡಲೂ ಪುರುಸೊತ್ತಿಲ್ಲ, ಆಷಾಢ ಬಂದರೆ “ಫೋನ್ ಮಾಡ್ತೀವಿ, ಆಗ ಬನ್ನಿ” ಎನ್ನುತ್ತಾರೆ. ಹತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗವಾದ್ದರಿಂದ ಇಎಸ್‌ಐ ಇದೆ. ಫೆಬ್ರುವರಿಯಲ್ಲಿ ಆಕೆಗೆ ಕಾಮಾಲೆಯಾಯಿತು. ಡಾಕ್ಟರು ಆರು ವಾರ ವಿಶ್ರಾಂತಿ ಬರೆದುಕೊಟ್ಟರು. ಔಷಧಿ ಸಿಕ್ಕಿತು. ರಜೆಯ ದಿನಗಳಿಗೆ ಬರಬೇಕಾದ ಹಣ ಮಾತ್ರ ಸಿಗಲಿಲ್ಲ.

ಯಾಕೆ ಗೊತ್ತಾ? ಇದನ್ನು ನಾವೆಲ್ಲ ತಿಳಿದುಕೊಳ್ಳಬೇಕು. ಇವತ್ತು ಆಕೆಯ ಕಥೆ, ನಾಳೆ ನಮ್ಮ ತಂಗಿಯದೋ ನಾದಿನಿಯದೋ ಆಗಬಹುದು. ನಮ್ಮದೇ ಆಗಬಾರದೆಂದೇನೂ ಇಲ್ಲವಲ್ಲ!

ಇಎಸ್‌ಐನಲ್ಲಿ ವರ್ಷವನ್ನು ಎರಡು ಭಾಗ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಮೊದಲ ಭಾಗದಲ್ಲಿ ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಎರಡನೇ ಭಾಗದ್ದು ಜುಲೈಯಿಂದ ಡಿಸೆಂಬರ್‌ವರೆಗೆ. ಕಾಯಿಲೆ ಬಿದ್ದು ಮನೆಯಲ್ಲಿದ್ದರೆ ದಿನದ ಸರಾಸರಿ ಸಂಬಳದ ಶೇ. 70ರಷ್ಟು ಹಣ ಕೊಡುತ್ತಾರೆ, ವರ್ಷಕ್ಕೆ 91 ದಿನಗಳವರೆಗೆ. ಆದರೆ ಒಂದು ಷರತ್ತು. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳ ವಂತಿಗೆ ಲೆಕ್ಕಕ್ಕೆ ಬಂದಿರಬೇಕು.

ಆರು ತಿಂಗಳೆಂದರೆ 26 ವಾರ. ವಾರಕ್ಕೆ ಮೂರು ದಿನದಂತೆ ಹಿಡಿದರೆ ಸರಿಯಾಗಿ 78. ಕೇಳಿದರೆ ಏನು ಮಹಾ ಅನ್ನಿಸುತ್ತೆ. ಆದರೆ ಕರೆದಾಗ ಮಾತ್ರ ಹೋಗುವವರಿಗೆ ಅದು ದೊಡ್ಡದೇ. ನಮ್ಮ ಬೀದಿಯಾಕೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿದ್ದು 71 ದಿನ. ಮೇ ತಿಂಗಳಲ್ಲಿ, ಮದುವೆ ಸೀಸನ್ನಿನಲ್ಲೇ, ಚಿಕ್ಕ ಮಗನಿಗೆ ಸೀತಾಳ ಸಿಡುಬು ಎದ್ದು ಹತ್ತು ದಿನ ಮನೆಯಲ್ಲಿದ್ದಳು. ಆ ಹತ್ತು ದಿನ ಕೆಲಸಕ್ಕೆ ಹೋಗಿದ್ದರೆ 81 ಆಗುತ್ತಿತ್ತು. ಆರು ವಾರದ ರಜೆಯಲ್ಲಿ ಮೊದಲ ಎರಡು ದಿನ ಕಳೆದು 40 ದಿನ, ದಿನಕ್ಕೆ 350 ರೂಪಾಯಿಯಂತೆ 14,000 ರೂಪಾಯಿ ಕೈಗೆ ಬರುತ್ತಿತ್ತು.

ನೋಡಿ, ಮಗು ಮಲಗಿದರೆ ತಾಯಿಗೆ ಕಾಯಿಲೆ ರಜೆಯ ಹಣವಿಲ್ಲ. ಅದು ಕೆಲಸಗಾರರ ಸ್ವಂತ ಕಾಯಿಲೆಗೆ ಮಾತ್ರ. ಮನೆಯಲ್ಲಿ ಅತ್ತೆಯೋ ಗಂಡನೋ ಇದ್ದರೆ ಒಬ್ಬರು ಮಗುವನ್ನು ನೋಡಿಕೊಳ್ಳುತ್ತಾರೆ. ಒಂಟಿ ತಾಯಿ ಏನು ಮಾಡಬೇಕು? ಆ ದಿನದ ಕೂಲಿಯೂ ಹೋಯಿತು, 78ರ ಲೆಕ್ಕದಲ್ಲಿ ಒಂದು ದಿನವೂ ಹೋಯಿತು. ಒಂದೇ ಜ್ವರಕ್ಕೆ ಎರಡು ಸಲ ದಂಡ!

ಸರಿ, ವಿಧವಾ ವೇತನವಾದರೂ ಇದೆಯಲ್ಲ ಅಂತೀರಾ? ಅಲ್ಲೂ ಒಂದು ಲೆಕ್ಕ ಇದೆ. ತಿಂಗಳಿಗೆ 800 ರೂಪಾಯಿಯ ಆ ಪಿಂಚಣಿ ಸಿಗಬೇಕಾದರೆ ವರ್ಷದ ಆದಾಯ 32,000 ರೂಪಾಯಿ ದಾಟಬಾರದು. ದಿನಕ್ಕೆ 500 ರೂಪಾಯಿಯಂತೆ 64 ದಿನ ದುಡಿದರೆ ಆ ಮಿತಿ ಮುಟ್ಟಿತು. ಅಂದರೆ ಇಡೀ ವರ್ಷದಲ್ಲಿ 64ಕ್ಕಿಂತ ಹೆಚ್ಚು ದಿನ ದುಡಿದರೆ “ನೀನು ಬಡವಿಯಲ್ಲ” ಎನ್ನುತ್ತದೆ ಒಂದು ನಿಯಮ. ಆರು ತಿಂಗಳಲ್ಲಿ 78 ದಿನ ದುಡಿಯದಿದ್ದರೆ “ನಿನ್ನ ಕೆಲಸ ಸಾಲದು” ಎನ್ನುತ್ತದೆ ಇನ್ನೊಂದು. 71 ದಿನ ದುಡಿದಾಕೆ ಎಲ್ಲಿಗೆ ಹೋಗಬೇಕು ಹೇಳಿ?

ನನ್ನ ಅಭಿಪ್ರಾಯ ಇಷ್ಟೆ. ಹೊತ್ತುಗೊತ್ತಿಲ್ಲದ ಕೆಲಸ ಆಕೆ ಆರಿಸಿಕೊಂಡದ್ದಲ್ಲ. ಶಾಲೆ ಬಿಡುವ ಹೊತ್ತಿಗೆ ಮನೆಗೆ ಬರಬೇಕಾದವಳಿಗೆ ಸಿಗುವುದೇ ಇಂಥ ಕೆಲಸ. ಹಾಗಿರುವಾಗ ಆರು ತಿಂಗಳ ಬದಲು ಇಡೀ ವರ್ಷದ ದಿನಗಳನ್ನು ಒಟ್ಟಿಗೆ ಎಣಿಸಿದರೆ ಆಷಾಢದ ಕೊರತೆಯನ್ನು ದೀಪಾವಳಿ ತುಂಬಿಕೊಡುತ್ತದೆ. ಮಗುವಿನ ಕಾಯಿಲೆಗೆ ಡಾಕ್ಟರ ಚೀಟಿ ತಂದರೆ ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 32,000ದ ಮಿತಿಯನ್ನೂ ಇಂದಿನ ಬೆಲೆಗೆ ತಕ್ಕಂತೆ ಏರಿಸಬೇಕು. ಇದು ಭಿಕ್ಷೆಯಲ್ಲ. ಇಎಸ್‌ಐಗೆ ಆಕೆಯ ಕೂಲಿಯಿಂದಲೇ ಶೇ. 0.75ರಷ್ಟು ಕಡಿತವಾಗಿರುತ್ತದೆ, ಮಾಲೀಕರು ಶೇ. 3.25ರಷ್ಟು ಹಾಕಿರುತ್ತಾರೆ.

ನಿಯಮ ಬದಲಾಗುವವರೆಗೆ ಕೈಕಟ್ಟಿ ಕೂರಲಾದೀತೇ? ನಮ್ಮ ಕೈಲಾಗುವ ಕೆಲಸಗಳೂ ಇವೆ.

ಮೊದಲನೆಯದು, ದಿನಗಳನ್ನು ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಕೆಲಸಕ್ಕೆ ಹೋದ ದಿನಕ್ಕೊಂದು ಗುರುತು ಹಾಕಿ. ಆಗಸ್ಟ್ ಕೊನೆಗೊಮ್ಮೆ, ಫೆಬ್ರುವರಿ ಕೊನೆಗೊಮ್ಮೆ ಎಣಿಸಿ. ಐದಾರು ದಿನ ಕಡಿಮೆ ಬೀಳುತ್ತಿದೆ ಅಂತ ಗೊತ್ತಾದರೆ, “ಈ ತಿಂಗಳು ನನಗೆ ನಾಲ್ಕು ದಿನ ಜಾಸ್ತಿ ಕೊಡಿ” ಎಂದು ಕೇಳಲು ಸಮಯವಿರುತ್ತದೆ. ಅವಧಿ ಮುಗಿದ ಮೇಲೆ ಅತ್ತರೂ ಪ್ರಯೋಜನವಿಲ್ಲ.

ಎರಡನೆಯದು, ಸಂಬಳದ ಚೀಟಿ ಕೇಳಿ ಪಡೆಯಿರಿ. ಇಎಸ್‌ಐ ವಿಮಾ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಎಷ್ಟು ದಿನದ ವಂತಿಗೆ ಜಮೆಯಾಗಿದೆ ಎಂದು ಇಎಸ್‌ಐ ವೆಬ್‌ಸೈಟಿನಲ್ಲಿ ನೋಡಬಹುದು. ನಿಮಗೆ ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳು ನೋಡಿಕೊಡುತ್ತಾಳೆ. ದುಡಿದ ದಿನದ ವಂತಿಗೆಯನ್ನು ಮಾಲೀಕರು ಕಟ್ಟದೆ ಬಿಟ್ಟರೆ ಅದು ಅವರ ತಪ್ಪು, ನಿಮ್ಮ ದಿನ ಹೋಗುವುದಿಲ್ಲ. ಆದರೆ ಆ ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಅದಕ್ಕೇ ಆ ಚೀಟಿ, ಆ ಕ್ಯಾಲೆಂಡರು.

ಮೂರನೆಯದು, ಇಲ್ಲದ ಹೆದರಿಕೆ ಬೇಡ. “ಕೆಲಸಕ್ಕೆ ಹೋದ್ರೆ ಎಲ್ಲಾ ನಿಂತೋಗುತ್ತೆ” ಅಂತ ಯಾರೋ ಹೇಳಿದ್ದನ್ನು ಕೇಳಿ ಮನೆಯಲ್ಲೇ ಕೂತವರನ್ನು ನಾನು ನೋಡಿದ್ದೇನೆ. ಗಂಡನ ಪಿಎಫ್ ಖಾತೆಯಿಂದ ಬರುವ ವಿಧವಾ ಪಿಂಚಣಿ ನೀವು ದುಡಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಮಕ್ಕಳಿಗೂ, ಒಮ್ಮೆಗೆ ಇಬ್ಬರಿಗೆ, 25 ವರ್ಷದವರೆಗೆ ಬೇರೆ ಪಿಂಚಣಿ ಉಂಟು. ಎಷ್ಟೋ ಜನ ಅದಕ್ಕೆ ಅರ್ಜಿಯನ್ನೇ ಹಾಕಿರುವುದಿಲ್ಲ! ಗೃಹಲಕ್ಷ್ಮಿಯ 2,000 ರೂಪಾಯಿಯೂ ಇಂಥ ಚಿಲ್ಲರೆ ದುಡಿಮೆಯಿಂದ ತಪ್ಪುವುದಿಲ್ಲ. ಆದಾಯ ತೆರಿಗೆ ಕಟ್ಟುವವರಿಗೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಿಗೆ ಅದು ಇಲ್ಲ. ಮನೆಯಿಂದಲೇ ಕೇಟರಿಂಗ್ ಮಾಡುವವರು ಯಾರದೋ ಮಾತು ಕೇಳಿ ಜಿಎಸ್‌ಟಿ ನೋಂದಣಿ ಮಾಡಿಸುವ ಮುಂಚೆ ಇದನ್ನು ಯೋಚಿಸಿ. ಬಿಪಿಎಲ್ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ. ದಿನಕ್ಕೆ 500ರಂತೆ 240 ದಿನದ ದುಡಿಮೆ.

ಗಂಡ ಬಿಟ್ಟುಹೋದವರಿಗೂ ಒಂದು ಮಾತು. ಅಲ್ಪಸ್ವಲ್ಪ ದುಡಿಯುತ್ತೀರಿ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪಿಸಲು ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಆದರೆ ಆದಾಯವನ್ನು ಮುಚ್ಚಿಡಬೇಡಿ. 2020ರ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿಯ ಪ್ರಮಾಣಪತ್ರ ಸಲ್ಲಿಸಬೇಕು. ಒಂದು ತಿಂಗಳು 9,000, ಇನ್ನೊಂದು ತಿಂಗಳು 2,000 ಬಂದಿದ್ದರೆ ಹಾಗೇ ತೋರಿಸಿ. ಅಲ್ಲೂ ಆ ಕ್ಯಾಲೆಂಡರೇ ನಿಮ್ಮ ಸಾಕ್ಷಿ.

ಕೊನೆಯ ಮಾತು, ಕೆಲಸ ಕೊಡುವ ಜಾಗದಲ್ಲಿರುವ ನಮಗೆ. ನಮ್ಮಲ್ಲೇ ಕೆಲವರು ಬೊಟೀಕ್, ಚಪಾತಿ–ಹೋಳಿಗೆ ಯೂನಿಟ್ ನಡೆಸುತ್ತೇವೆ. ಹಾಜರಿ ಪುಸ್ತಕ ಸರಿಯಾಗಿ ಬರೆಯೋಣ, ನಾಲ್ಕು ದಿನ ಕಡಿಮೆ ಬಿದ್ದವರಿಗೆ ಮೊದಲು ಕೆಲಸ ಕೊಡೋಣ. ಮನೆಗೆಲಸದವರಿಗಂತೂ ಇಎಸ್‌ಐ ಕೂಡ ಇಲ್ಲ. ಮನೆಗೆಲಸಕ್ಕೆ ಕರ್ನಾಟಕದಲ್ಲಿ 2004ರಲ್ಲೇ ಕನಿಷ್ಠ ಕೂಲಿ ಗೊತ್ತುಮಾಡಿದರು. ಆದರೆ ಕಾಯಿಲೆ ರಜೆ ನಮ್ಮ ದೊಡ್ಡ ಮನಸ್ಸಿಗೇ ಬಿಟ್ಟಿದ್ದು. “ಮಗೂಗೆ ಜ್ವರ ಅಮ್ಮಾ” ಅಂತ ಫೋನ್ ಬಂದ ದಿನದ ಸಂಬಳ ಹಿಡಿಯದಿದ್ದರೆ ನಮ್ಮ ಮನೆ ಮುಳುಗುತ್ತದೆಯೇ? ಇಲ್ಲ ತಾನೆ?

ನಮ್ಮ ಬೀದಿಯಾಕೆ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಅವಳ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿದೆ. ಕೆಲಸಕ್ಕೆ ಹೋಗಿಬಂದ ದಿನಕ್ಕೆ ಕುಂಕುಮದ ಬೊಟ್ಟು ಇಡುವ ಕೆಲಸ ದೊಡ್ಡ ಮಗಳದು. ನಿಮಗೆ ಗೊತ್ತಿರುವ ಇಂಥ ಒಬ್ಬ ತಾಯಿಗೆ ಇವತ್ತೇ ಒಂದು ಕ್ಯಾಲೆಂಡರ್ ಕೊಟ್ಟು ಈ 78ರ ಲೆಕ್ಕ ಹೇಳಿಕೊಡಿ. ಅಷ್ಟಾದರೂ ಮಾಡೋಣ, ಏನಂತೀರಾ?