ಹ್ಯಾಂಡಲ್ ಕಿತ್ತವನ ಸಿಎನ್‌ಸಿ

"ಲೇತ್ ಅಂದ್ರೆ ಪೀಣ್ಯದಲ್ಲೆಲ್ಲ ಇರುತ್ತಲ್ಲ, ಅದಾ? ಅದನ್ನ ಮನೇಲಿ ಯಾಕೋ ಇಟ್ಕೊಂಡಿದ್ದೀಯ?"

ಆಫೀಸಿನ ಕಾಫಿ ಮೆಷಿನ್ ಪಕ್ಕ ನಿಂತು ಗೆಳೆಯ ಕೇಳಿದ. ಚಿಕ್ಕದಪ್ಪಾ, ಯುಟಿಲಿಟಿಯಲ್ಲಿ ಹಿಡಿಸುತ್ತೆ, ಅದಕ್ಕೆ ಮೋಟರ್ ಹಾಕಿ ಕಂಪ್ಯೂಟರಿನಿಂದ ಓಡೋ ಹಾಗೆ ಮಾಡ್ತಿದ್ದೀನಿ ಅಂದೆ. ಅವನ ಮುಖ ಅರಳಿತು. "ಓ, ಸಿಎನ್‌ಸಿನಾ? ಹಾಗಾದ್ರೆ ಸೂಪರ್ ಗುರೂ!"

ನನ್ನ ಜಗಳ ಇರೋದು ಈ "ಹಾಗಾದ್ರೆ" ಅನ್ನೋ ಪದದ ಮೇಲೆ. ಕೈಯಲ್ಲಿ ಹ್ಯಾಂಡಲ್ ತಿರುಗಿಸಿದರೆ ಅದು ಪೀಣ್ಯದ ಕೆಲಸ, ಪಕ್ಕದಲ್ಲಿ ಕೀಬೋರ್ಡ್ ಬಂದು ಕೂತರೆ ಸೂಪರ್. ಸಾಫ್ಟ್‌ವೇರ್ ಕಲಿತ ನಮ್ಮಂಥವರ ತಲೆಯಲ್ಲಿ ಈ ಮೇಲು ಕೀಳು ಎಷ್ಟು ಸಲೀಸಾಗಿ ಕೂತಿದೆ ಅಂದರೆ, ಅದು ಅಲ್ಲಿದೆ ಅನ್ನೋದೇ ನಮಗೆ ಗೊತ್ತಾಗುವುದಿಲ್ಲ. ಗೆಳೆಯನನ್ನು ಬೈಯುವ ಹಕ್ಕು ನನಗಿಲ್ಲ. ಆರು ತಿಂಗಳ ಹಿಂದೆ ನಾನೂ ಅವನ ಹಾಗೇ ಇದ್ದೆ.

ನನ್ನದು 7 ಇಂಚಿನ ಮಿನಿ ಲೇತ್. ಇಬ್ಬರು ಸೇರಿದರೆ ಎತ್ತಬಹುದು. ತಂದ ಮೊದಲ ವಾರ ಕೈಯಲ್ಲಿ ಎರಡು ಮೂರು ಪೀಸ್ ತಿರುಗಿಸಿದೆ, ಬೇಜಾರಾಯ್ತು. ಎಸ್.ಪಿ. ರಸ್ತೆಗೆ ಹೋಗಿ ಸ್ಟೆಪ್ಪರ್ ಮೋಟರ್, ಡ್ರೈವರ್, ಪವರ್ ಸಪ್ಲೈ ತಂದೆ. ಲೆಕ್ಕ ನೋಡಿ ಎಷ್ಟು ಚೆಂದ: ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಕ್ರಾಸ್ ಸ್ಲೈಡಿನ ಸ್ಕ್ರೂ ಒಂದು ಸುತ್ತಿಗೆ 1 ಮಿಲಿಮೀಟರ್ ಸರಿಯುತ್ತದೆ. ಅಂದರೆ ಒಂದು ಹೆಜ್ಜೆಗೆ 0.005 ಮಿಲಿಮೀಟರ್. ತಲೆಗೂದಲಿಗಿಂತ ಎಷ್ಟೋ ಸಣ್ಣದು! ಹ್ಯಾಂಡಲ್‌ಗಳನ್ನು ಕಿತ್ತು ಡಬ್ಬಿಗೆ ಹಾಕಿ, ಆ ಜಾಗಕ್ಕೆ ಮೋಟರ್ ಕೂರಿಸಿದೆ. ಲಿನಕ್ಸ್‌ಸಿಎನ್‌ಸಿ ಹಾಕಿದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ನಲ್ಲಿ ಹುಟ್ಟಿ, ಇವತ್ತಿಗೂ ಎಲ್ಲರಿಗೂ ಪುಕ್ಕಟೆ ಸಿಗುವ ತಂತ್ರಾಂಶ ಅದು. ಜಿ-ಕೋಡ್ ಬರೆದೆ. ಅಲ್ಯೂಮಿನಿಯಂನಲ್ಲಿ ಒಂದು ಚೆಸ್ ಪದಾತಿ ಮಾಡಬೇಕಿತ್ತು.

ಬಂದದ್ದು ಪದಾತಿ ಅಲ್ಲ, ಗೊಂಬೆ ಅಂಗಡಿಯ ಸೆಕೆಂಡ್ಸ್ ಮಾಲು. ಟೂಲ್ ದಿಕ್ಕು ಬದಲಿಸಿದ ಕಡೆಯೆಲ್ಲ ಗೆರೆ. ಗುಂಡಗಿರಬೇಕಾದ ತಲೆ ಚಪ್ಪಟೆ. ಅಳತೆಯಲ್ಲಿ 0.3 ಮಿಲಿಮೀಟರ್ ವ್ಯತ್ಯಾಸ.

ಕಾರಣ ಹಳೆಯದು. ಸ್ಕ್ರೂಗೂ ನಟ್ಟಿಗೂ ನಡುವೆ ಸಂದು ಇರುತ್ತದೆ, ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ದಿಕ್ಕು ಬದಲಿಸಿದಾಗ ಸ್ಕ್ರೂ ಸ್ವಲ್ಪ ಹೊತ್ತು ಸುಮ್ಮನೆ ತಿರುಗುತ್ತದೆ, ಸ್ಲೈಡ್ ಕದಲುವುದೇ ಇಲ್ಲ. ಲೇತಿನಲ್ಲಿ ತಪ್ಪು ಡಬಲ್: ಟೂಲ್ 0.15 ತಪ್ಪಿದರೆ ಜಾಬಿನ ವ್ಯಾಸ 0.3 ತಪ್ಪುತ್ತದೆ. ನಾನೇನು ಮಾಡಿದೆ? ಸಾಫ್ಟ್‌ವೇರ್‌ನವನು ಏನು ಮಾಡುತ್ತಾನೋ ಅದನ್ನೇ. ಕಾನ್ಫಿಗ್ ಫೈಲ್ ತೆರೆದು ಬ್ಯಾಕ್‌ಲ್ಯಾಶ್ ಅಂತ ಇದ್ದ ಕಡೆ 0.15 ಅಂತ ಬರೆದೆ. ಗೆರೆ ಕಮ್ಮಿಯಾಯ್ತು. ಅದರ ಬದಲು ಮೈಯೆಲ್ಲ ಅಲೆ ಅಲೆ.

ಭಾನುವಾರ ಮಾವ ಬಂದರು. ಅಮ್ಮನ ತಮ್ಮ. ಪೀಣ್ಯದ ಒಂದು ಜಾಬ್‌ವರ್ಕ್ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಟರ್ನರ್. ಮಾನಿಟರ್ ಕಡೆ ತಿರುಗಿಯೂ ನೋಡಲಿಲ್ಲ. ಟೂಲ್ ಪೋಸ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಕಟ್ ಕಟ್ ಅಂತು.

"ಇದು ಅಲ್ಲಾಡ್ತಾ ಐತೆ. ನಿನ್ನ ಕಂಪ್ಯೂಟರ್‌ಗೆ ಗೊತ್ತೇನೋ?"

ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಇಂಥ ಮೋಟರಿಗೆ ಕಂಪ್ಯೂಟರ್ "ಇಷ್ಟು ಹೆಜ್ಜೆ ಇಡು" ಅನ್ನುತ್ತದೆ, ಇಟ್ಟಿತೋ ಇಲ್ಲವೋ ಅಂತ ಕೇಳುವುದಿಲ್ಲ. ನಾನು ಬರೆದ ಆ 0.15 ಮಾಡುತ್ತಿದ್ದುದು ಇಷ್ಟೇ: ದಿಕ್ಕು ಬದಲಾದಾಗ ಸ್ಕ್ರೂವನ್ನು ಅಷ್ಟು ಜಾಸ್ತಿ ತಿರುಗಿಸುವುದು. ಸಂದು ಹಾಗೇ ಇತ್ತು. ಟೂಲ್ ಲೋಹವನ್ನು ಕಚ್ಚಿದಾಗ ಸ್ಲೈಡ್ ಆ ಸಂದಿನೊಳಗೇ ಹಿಂದೆ ಮುಂದೆ ಕುಣಿಯುತ್ತಿತ್ತು.

ಮಾವ ಆಲನ್ ಕೀ ಕೇಳಿದರು. ಸ್ಲೈಡ್ ಪಕ್ಕದ ಗಿಬ್ ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ, ಅಭ್ಯಾಸಬಲದಿಂದ ಎಡಗೈ ಹ್ಯಾಂಡಲ್ ಹುಡುಕಿತು. ಅಲ್ಲಿ ಮೋಟರ್ ಇತ್ತು. "ಹ್ಯಾಂಡಲ್ ಯಾಕೋ ಕಿತ್ತೆ? ಈಗ ಬಿಗಿ ಎಷ್ಟಾಯ್ತು ಅಂತ ಹೆಂಗೆ ನೋಡ್ಲಿ?"

ನಾನು ಡಬ್ಬಿ ಹುಡುಕಲು ಎದ್ದೆ. ಅಷ್ಟು ನಾಚಿಕೆ ನನಗೆ ಯಾವ ಕೋಡ್ ರಿವ್ಯೂನಲ್ಲೂ ಆಗಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ಮನೆಯ ಲೇತನ್ನು ಸಿಎನ್‌ಸಿ ಮಾಡುವುದು "ವೀಕೆಂಡ್ ಪ್ರಾಜೆಕ್ಟ್" ಅಂತ ಹೇಳಿಕೊಂಡು ತಿರುಗುವವರಿದ್ದಾರಲ್ಲ, ಅವರು ಹೇಳುತ್ತಿರುವುದು ಅರ್ಧ ಸುಳ್ಳು. ಮೋಟರ್ ಕೂರಿಸುವುದು ವೀಕೆಂಡಿನ ಕೆಲಸವೇ. ಆದರೆ ಮೆಷಿನ್ ಎಲ್ಲಿ ಸಡಿಲ, ಬೇರಿಂಗ್ ಯಾವಾಗ ಬಿಸಿಯಾಗುತ್ತದೆ, ಟೂಲ್ ಮೊಂಡಾದಾಗ ಸದ್ದು ಹೇಗೆ ಬದಲಾಗುತ್ತದೆ? ಇದನ್ನೆಲ್ಲ ಯಾವ ಅಂಗಡಿಯೂ ಕೊರಿಯರ್ ಮಾಡುವುದಿಲ್ಲ. ಇದು ಗೊತ್ತಿಲ್ಲದವನು ಕಂಪ್ಯೂಟರ್ ಜೋಡಿಸಿದರೆ ಅವನಿಗೆ ಸಿಗುವುದು ನಿಖರತೆ ಅಲ್ಲ, ಒಂದೇ ತಪ್ಪನ್ನು ನೂರು ಸಲ ಬೇಗ ಬೇಗ ಮಾಡುವ ಯಂತ್ರ.

ಇದಕ್ಕೊಂದು ಇತಿಹಾಸವೂ ಇದೆ. 1952ರಲ್ಲಿ ಎಂಐಟಿಯವರು ಪಂಚ್ ಮಾಡಿದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಮೆಷಿನ್ ತೋರಿಸಿದರು. ದುಡ್ಡು ಅಮೆರಿಕದ ವಾಯುಪಡೆಯದ್ದು. ಅದಕ್ಕೂ ಮುಂಚೆ, 1940ರ ದಶಕದಲ್ಲೇ, ಜನರಲ್ ಎಲೆಕ್ಟ್ರಿಕ್‌ನಲ್ಲಿ ಇನ್ನೊಂದು ದಾರಿ ತಯಾರಾಗಿತ್ತು. ನುರಿತ ಕೆಲಸಗಾರ ಮೊದಲ ಪೀಸನ್ನು ಕೈಯಲ್ಲಿ ಮಾಡುತ್ತಾನೆ, ಅವನ ಚಲನೆಯನ್ನು ಟೇಪು ದಾಖಲಿಸಿಕೊಳ್ಳುತ್ತದೆ, ಆಮೇಲೆ ಯಂತ್ರ ಅದನ್ನೇ ಮತ್ತೆ ಮತ್ತೆ ಮಾಡುತ್ತದೆ. ಆ ದಾರಿ ಬೆಳೆಯಲಿಲ್ಲ. ಯಾಕೆ ಅಂತ ಡೇವಿಡ್ ನೋಬಲ್ 1984ರಲ್ಲಿ 'ಫೋರ್ಸಸ್ ಆಫ್ ಪ್ರೊಡಕ್ಷನ್' ಅನ್ನೋ ಇಡೀ ಪುಸ್ತಕವನ್ನೇ ಬರೆದರು. ಅವರ ವಾದದಲ್ಲಿ ಇದು ಬರೀ ತಂತ್ರಜ್ಞಾನದ ಆಯ್ಕೆ ಆಗಿರಲಿಲ್ಲ. ಕೆಲಸದ ಹಿಡಿತ ಶಾಪ್‌ಫ್ಲೋರ್‌ನಿಂದ ಆಫೀಸಿಗೆ ಹೋಗಬೇಕು ಅನ್ನೋದು ಆಡಳಿತದ ಆಸೆಯಾಗಿತ್ತು. ವಿಮಾನದ ಕೆಲವು ಆಕಾರಗಳನ್ನು ಕೈಯಲ್ಲಿ ಕೊರೆಯುವುದು ತೀರಾ ಕಷ್ಟ ಅನ್ನೋದೂ ನಿಜ, ಒಪ್ಪೋಣ. ಆದರೂ ಫಲಿತಾಂಶ ನಮ್ಮ ಕಣ್ಣ ಮುಂದಿದೆ: ಕೋಡ್ ಬರೆಯುವವನು ಎಸಿ ರೂಮಿನಲ್ಲಿ, ಜಾಬ್ ಕಟ್ಟಿ ಹಸಿರು ಬಟನ್ ಒತ್ತುವ ಐಟಿಐ ಹುಡುಗ ಶೆಡ್ಡಿನಲ್ಲಿ. ಇಬ್ಬರಿಗೂ ಪರಸ್ಪರರ ಹೆಸರು ಗೊತ್ತಿಲ್ಲ.

ಬೆಂಗಳೂರಿನಲ್ಲಿ ಕೂತು ಇದನ್ನು ಮರೆಯುವುದು ಇನ್ನೂ ನಾಚಿಕೆಗೇಡು. ಎಚ್‌ಎಂಟಿ ಅಂದರೆ ನಮಗೆ ಅಜ್ಜನ ವಾಚು. ಆದರೆ ಅದರ ಹೆಸರಲ್ಲಿರುವುದು ಮೆಷಿನ್ ಟೂಲ್ಸ್! 1953ರಲ್ಲಿ ಈ ಊರಲ್ಲಿ ಶುರುವಾದ ಆ ಕಾರ್ಖಾನೆ ಮೊದಲು ಮಾಡಿದ್ದು ಲೇತ್, ವಾಚು ಬಂದದ್ದು 60ರ ದಶಕದಲ್ಲಿ. ಐಟಿ ಬರುವ ಎಷ್ಟೋ ಮುಂಚೆ ಈ ಊರಿಗೆ ಕೈಯಿತ್ತು.

"ಹಾಗಾದ್ರೆ ಸಿಎನ್‌ಸಿ ಬೇಡ ಅಂತೀಯಾ?" ಖಂಡಿತ ಬೇಕು. ಕೈಯಲ್ಲಿ ಗೋಲ ತಿರುಗಿಸುವ ಕಷ್ಟ ಗೊತ್ತಿದ್ದವನಿಗೆ ಅದು ವರ. ಮನೆಯಲ್ಲಿ ಮಾಡುವುದರಲ್ಲಿ ಇನ್ನೂ ಒಂದು ದೊಡ್ಡ ಲಾಭ ಇದೆ. ಕಾರ್ಖಾನೆ ಎರಡು ಮಾಡಿದ ಮನುಷ್ಯನನ್ನು ಇಲ್ಲಿ ಮತ್ತೆ ಒಂದು ಮಾಡಬಹುದು. ಕೋಡ್ ಬರೆಯುವವನೂ ನಾನೇ, ಜಾಬ್ ಕಟ್ಟುವವನೂ ನಾನೇ, ಕಾಲ ಹತ್ತಿರ ಬಿದ್ದ ಬಿಸಿ ಚಿಪ್ಸ್ ಗುಡಿಸುವವನೂ ನಾನೇ. ಹಾಗೆ ಆಗಬೇಕಾದರೆ ಮೊದಲು ಟರ್ನರ್ ಆಗಲೇಬೇಕು. ಈ ಮೆಟ್ಟಿಲು ಹಾರಿ ಹೋಗುವವರ ಜೊತೆಗೇ ನನ್ನ ತಕರಾರು.

ನಾನು ಎಲ್ಲ ಬಿಚ್ಚಿ ಮೊದಲಿನಿಂದ ಮಾಡಿದೆ. ಮೂರು ತಿಂಗಳು ಬರೀ ಕೈಯಲ್ಲಿ. ಬುಶ್, ಪಿನ್ನು, ವಾಷರ್, ಮಾವ ಹೇಳಿದ ಅಳತೆಗೆ ಬರುವವರೆಗೆ. ಗೇರು ಬದಲಿಸಿ, ಹಾಫ್ ನಟ್ ಹಾಕಿ ಥ್ರೆಡ್ ತೆಗೆದೆ. ಹಾಗೆ ತೆಗೆದ ಮೇಲಷ್ಟೇ ಚಕ್ಕಿನ ಸ್ಪಿಂಡಲ್‌ಗೆ ಎನ್‌ಕೋಡರ್ ಯಾಕೆ ಬೇಕು ಅನ್ನೋದು ಅರ್ಥವಾಯ್ತು. ಸ್ಪಿಂಡಲ್ ಈಗ ಎಲ್ಲಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗದಿದ್ದರೆ ಎರಡನೇ ಕಟ್ ಮೊದಲನೇ ಕಟ್ಟಿನ ಗಾಡಿಯಲ್ಲಿ ಬೀಳುವುದಿಲ್ಲ. ಆಮೇಲೆ ಬಾಲ್ ಸ್ಕ್ರೂ ಹಾಕಿದೆ. ಮೋಟರ್‌ಗಳನ್ನು ಈ ಸಲ ಎರಡೂ ಕಡೆ ಶಾಫ್ಟ್ ಇರುವಂಥವನ್ನೇ ತಂದು, ಹಿಂದುಗಡೆ ಹ್ಯಾಂಡಲ್ ಚಕ್ರಗಳನ್ನು ವಾಪಸ್ ಕೂರಿಸಿದೆ. ಚಕ್ರದಿಂದ ಹೊರಗೆ ಚಾಚಿದ ಹಿಡಿಯನ್ನು ಮಾತ್ರ ತೆಗೆದಿದ್ದೇನೆ, ಮೋಟರ್ ಜೋರಾಗಿ ಓಡುವಾಗ ಬೆರಳು ಮುರಿಯುತ್ತದೆ. ಕೈಗೆ ಎಟುಕುವ ಕಡೆ ಎಮರ್ಜೆನ್ಸಿ ಸ್ಟಾಪ್ ಇದೆ.

ಎರಡನೇ ಪದಾತಿ ಚೆನ್ನಾಗಿ ಬಂತು. ಮಾವ ಅದನ್ನು ಬೆಳಕಿಗೆ ಹಿಡಿದು, ಉಗುರಿನಲ್ಲಿ ಸವರಿ ನೋಡಿ, "ಪರವಾಗಿಲ್ಲ" ಅಂದರು. ಆಮೇಲೆ ಆ ಜಿ-ಕೋಡ್ ಹೆಂಗೆ ಬರೀತಾರೆ ತೋರಿಸು ಅಂತ ಕೇಳಿ, ಮೊದಲ ಸಲ ಮಾನಿಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

ಕಾಫಿ ಮೆಷಿನ್ ಪಕ್ಕದ ಗೆಳೆಯನನ್ನು ಈ ಭಾನುವಾರ ಮನೆಗೆ ಕರೆದಿದ್ದೇನೆ. 25 ಮಿಲಿಮೀಟರ್‌ನ ಒಂದು ರಾಡ್ ಕೊಡುತ್ತೇನೆ. ಅದನ್ನು 20ಕ್ಕೆ ಇಳಿಸಬೇಕು, ಕೈಯಲ್ಲಿ. ಅಲ್ಲಿವರೆಗೆ ಕೀಬೋರ್ಡ್ ಬೀರುವಿನಲ್ಲಿರುತ್ತದೆ.