ಬುತ್ತಿಗೆ ಬಾರದ ಉಪ್ಪಿನಕಾಯಿ

ಮೊನ್ನೆ ಭಟ್ಕಳದಲ್ಲಿ ಬಸ್ಸು ಹತ್ತಿ, ಹೊನ್ನಾವರದ ಶರಾವತಿ ಸೇತುವೆ ದಾಟಿ, ಕುಮಟಾ ಕಡೆಯ ಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಹಳೇ ಕಂಪ್ಯೂಟರ್‌ಗಳೆಲ್ಲ ಒಂದೇ ಸರ್ವರ್‌ನಿಂದ ಲಿನಕ್ಸ್ ತರಿಸಿಕೊಂಡು ಓಡುವ ಹಾಗೆ ಹೊಂದಿಸಿಕೊಟ್ಟವನು ನಾನೇ. ಇಂಗ್ಲಿಷ್ ಚೆನ್ನಾಗಿಯೇ ಕಾಣುತ್ತಿತ್ತು. ಕನ್ನಡ ತೆರೆದರೆ ಬರೀ ಚೌಕ! "ಸರ್, ನನ್ನ ಹೆಸರೆಲ್ಲಿ?" ಅಂತ ನಾಲ್ಕನೇ ಕ್ಲಾಸಿನ ಹುಡುಗಿ ಕೇಳಿದಾಗ ನಾಚಿಕೆಯಾಯ್ತು.

ಎಫ್‌ಸಿ-ಲಿಸ್ಟ್ ಆಜ್ಞೆ ಕೊಟ್ಟು ನೋಡಿದೆ. ಕನ್ನಡ ಫಾಂಟ್ ಒಂದೂ ಇಲ್ಲ. ಡೆಬಿಯನ್‌ನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಒಟ್ಟಿಗೆ ಬರುತ್ತವೆ. ಸರ್ವರ್‌ಗೆ ಹಾಕಿದೆ, ಅದರ ಪರದೆಯಲ್ಲಿ ಕನ್ನಡ ಮೂಡಿತು. ಮಕ್ಕಳ ಪರದೆಯಲ್ಲಿ ಮಾತ್ರ ಅದೇ ಚೌಕ. ಒಂದು ಕಂಪ್ಯೂಟರಿಗೆ ನೇರವಾಗಿ ಹಾಕಿದೆ. ಅಕ್ಷರ ಬಂತು, ಕರೆಂಟ್ ಹೋಗಿ ಬಂದ ಮೇಲೆ ಮಾಯ!

ಆಗ ಹೊಳೆಯಿತು. ಎಲ್‌ಟಿಎಸ್‌ಪಿ ಪದ್ಧತಿಯಲ್ಲಿ ಮಕ್ಕಳ ಕಂಪ್ಯೂಟರ್‌ಗಳು ಏಳುವುದು ಮೊದಲೇ ಕಟ್ಟಿಟ್ಟ ಇಮೇಜ್‌ನಿಂದ. ಅದು ಓದಲು ಮಾತ್ರ, ತಿದ್ದಲು ಬರುವುದಿಲ್ಲ. ಮೇಲಿಂದ ಹಾಕಿದ್ದು ಮೆಮೊರಿಯಲ್ಲಷ್ಟೇ ಇದ್ದು, ಆರಿಸಿದೊಡನೆ ಅಳಿಸಿಹೋಗುತ್ತದೆ. ಬುತ್ತಿ ಕಟ್ಟಿಯಾದ ಮೇಲೆ ಭರಣಿಗೆ ಅಪ್ಪೆಮಿಡಿ ಹಾಕಿದರೆ ಬುತ್ತಿಗೆ ಬಂದೀತೇ?

'ಎಲ್‌ಟಿಎಸ್‌ಪಿ ಇಮೇಜ್' ಆಜ್ಞೆ ಕೊಟ್ಟು ಇಮೇಜನ್ನು ಹೊಸದಾಗಿ ಕಟ್ಟಿದೆ. ಎಲ್ಲವನ್ನೂ ಆರಿಸಿ ಹಚ್ಚಿದೆವು. ಆ ಹುಡುಗಿ ಒತ್ತಕ್ಷರ ಸಮೇತ ತನ್ನ ಹೆಸರು ಓದಿದಳು.

ನಿಮ್ಮೂರ ಶಾಲೆಯಲ್ಲೂ ಇಂಥ ವ್ಯವಸ್ಥೆಯಿದ್ದರೆ ನೆನಪಿಡಿ: ಪ್ಯಾಕೇಜ್ ಹಾಕಿದ ಮೇಲೆ ಇಮೇಜ್ ಕಟ್ಟಬೇಕು. ಆಮೇಲೆ ಮಕ್ಕಳ ಬೆಂಚಿನಲ್ಲೇ ಕೂತು ಒಮ್ಮೆ ನೋಡಬೇಕು. ನಾನು ಸರ್ವರ್ ಮುಂದೆ ಕೂತೇ ಕೆಲಸ ಮುಗೀತು ಅಂದುಕೊಂಡಿದ್ದೆ.